ಗೊಮ್ಮಟ: ಹೆಸರು ದಾನಿಯದೋ, ಸ್ವಾಮಿಯದೋ?

ಬಸದಿಯ ದ್ವಾರದ ಮೇಲೆ, ಸಭಾಮಂಟಪದ ಕಂಬದ ಮೇಲೆ, ಕೊನೆಗೆ ಕಾಲಡಿಯ ಹಾಸುಗಲ್ಲಿನ ಮೇಲೂ ದಾನಿಗಳ ಹೆಸರು ಕೆತ್ತಿಸುವ ಆಡಳಿತ ಮಂಡಳಿಗಳು ಒಂದು ಸಮರ್ಥನೆಯನ್ನು ಸಿದ್ಧವಾಗಿಟ್ಟುಕೊಂಡಿವೆ: 'ಚಾವುಂಡರಾಯನ ಹೆಸರು ಸ್ವಾಮಿಗೇ ಬಂದಿಲ್ಲವೆ?' ಗೊಮ್ಮಟ ಶಬ್ದದ ಚರಿತ್ರೆಯನ್ನು ಬಲ್ಲವರು ಈ ಮಾತನ್ನು ಆಡಲಾರರು.

ಶಬ್ದದ ಮೂಲದ ಬಗೆಗೆ ವಿದ್ವಾಂಸರಲ್ಲಿ ಮತಭೇದವಿದೆ. ಗೋವಿಂದ ಪೈಗಳು ಅದನ್ನು ಮನ್ಮಥ ಶಬ್ದದ ತದ್ಭವವೆಂದರು. ಬಾಹುಬಲಿ ಪ್ರಥಮ ಕಾಮದೇವನಷ್ಟೆ. ಡಾ. ಆ. ನೇ. ಉಪಾಧ್ಯೆಯವರು ಇದನ್ನು ಒಪ್ಪದೆ, ಗೊಮ್ಮಟ ಎಂಬುದು ಚಾವುಂಡರಾಯನ ಮನೆಮಾತಿನ ಹೆಸರೆಂದೂ, ಚೆಲುವನೆಂಬುದು ಅದರ ಅರ್ಥವೆಂದೂ ವಾದಿಸಿದರು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಅವನನ್ನು ಗೊಮ್ಮಟರಾಯನೆಂದೇ ಹರಸಿದ್ದಾರೆ. ಅವನ ನಿಮಿತ್ತ ರಚಿತವಾದ ಗ್ರಂಥವೇ ಗೊಮ್ಮಟಸಾರ. ವಿಜಯಪುರದ ಗೋಳಗುಮ್ಮಟದಲ್ಲಿರುವ ಗುಮ್ಮಟವಾದರೋ ಪಾರಸಿಯ ಗುಂಬದ್ ಶಬ್ದದಿಂದ ಬಂದುದು. ಅದನ್ನು ಇದರೊಡನೆ ಬೆರೆಸಲಾಗದು.

ಉಪಾಧ್ಯೆಯವರ ಮತವನ್ನೇ ಹಿಡಿಯೋಣ. ಆಗ ಗೊಮ್ಮಟೇಶ್ವರ ಎಂದರೆ ಗೊಮ್ಮಟನ ಈಶ್ವರ. ಇಲ್ಲಿ ಸ್ವಾಮಿ ಭಕ್ತನ ಸ್ವತ್ತಲ್ಲ. ಭಕ್ತನೇ ಸ್ವಾಮಿಗೆ ಸೇರಿದವನು. ಕಾಲಕ್ರಮದಲ್ಲಿ ಆ ಹೆಸರು ಒಡೆಯನ ಕೈಬಿಟ್ಟು ಹೋಯಿತು. ಬೆಳಗೊಳವು ಶಾಸನಗಳಲ್ಲಿ ಗೊಮ್ಮಟಪುರವಾಯಿತು. ಮೈಸೂರಿನ ಬಳಿಯ ಬೆಟ್ಟ ಗೊಮ್ಮಟಗಿರಿಯಾಯಿತು. 1432ರಲ್ಲಿ ಕಾರ್ಕಳದ ಮೂರ್ತಿಯನ್ನು ಮಾಡಿಸಿದವನು ವೀರಪಾಂಡ್ಯ, 1604ರಲ್ಲಿ ವೇಣೂರಿನದನ್ನು ಮಾಡಿಸಿದವನು ತಿಮ್ಮಣ್ಣ ಅಜಿಲ. ಅವೂ ಗೊಮ್ಮಟಗಳೇ, ವೀರಪಾಂಡ್ಯೇಶ್ವರ, ಅಜಿಲೇಶ್ವರ ಎಂದು ಯಾರೂ ಕರೆಯಲಿಲ್ಲ.

ವಿಂಧ್ಯಗಿರಿಯ ಮೂರ್ತಿಯ ಪಾದದ ಬಳಿ ಚಾವುಂಡರಾಯನ ಹೆಸರಿಲ್ಲವೆ ಎಂದು ಕೇಳುವವರುಂಟು. ಇದೆ. ಅವನು ಮಾಡಿಸಿದನೆಂಬ ಒಂದೇ ವಾಕ್ಯ. ಸಮರಪರಶುರಾಮನೇ ಮೊದಲಾದ ಬಿರುದುಗಳಲ್ಲಿ ಒಂದೂ ಅಲ್ಲಿಲ್ಲ. ಆದರೂ ಅವನಲ್ಲಿ ಅಭಿಮಾನ ಮೊಳೆಯಿತೆಂದೂ, ಕೊಡಗಟ್ಟಲೆ ಹಾಲೆರೆದರೂ ಅಭಿಷೇಕ ಪೂರ್ಣವಾಗಲಿಲ್ಲವೆಂದೂ, ಒಬ್ಬ ಅಜ್ಜಿ ತಂದ ತುಸು ಹಾಲಿನಿಂದ ಅದು ನೆರವೇರಿತೆಂದೂ ಐತಿಹ್ಯ ಹೇಳುತ್ತದೆ. ಸ್ವಾಮಿಯ ಎದುರಿಗೆ ನಿಂತಿರುವ ಆಕೆಯನ್ನು ಲೋಕ ಕರೆಯುವುದು ಗುಳ್ಳಕಾಯಜ್ಜಿ ಎಂದು, ಕೈಯಲ್ಲಿ ಹಿಡಿದ ಕಾಯಿಯ ಹೆಸರಿನಿಂದ. ಇದಕ್ಕಿಂತ ಸ್ಪಷ್ಟವಾದ ಉಪದೇಶ ಇನ್ನೇನು ಬೇಕು?

ದಾನದ ಲೆಕ್ಕ ಪೈಸೆಪೈಸೆಗೂ ಇರಲೇಬೇಕು. ದಾನಿಯ ಹೆಸರು ರಸೀತಿಯಲ್ಲಿ, ಖಾತೆಪುಸ್ತಕದಲ್ಲಿ ಇರಲಿ. ಅದು ಸಮಾಜಕ್ಕೆ ಸಲ್ಲಬೇಕಾದ ಪ್ರಾಮಾಣಿಕತೆ. ಗೋಡೆಯ ಮೇಲಿನ ಹೆಸರು ಮಾನಕಷಾಯದ ಖಾತೆಗೆ ಜಮೆಯಾಗುತ್ತದೆ. ಕೊಟ್ಟ ಮೇಲೂ ಹೆಸರಿನಿಂದ ಹಿಡಿದಿಟ್ಟುಕೊಂಡದ್ದು ತ್ಯಾಗವಲ್ಲ, ಪರಿಗ್ರಹ. ಎಲ್ಲವನ್ನೂ ತೊರೆದು ನಿಂತವನ ಮಂದಿರದಲ್ಲಿ ಅದಕ್ಕೆ ಜಾಗ ಕೊಡಲಾಗದೆಂದು ಆಡಳಿತ ಮಂಡಳಿಗಳು ನಿರ್ಣಯಿಸಲಿ.