ತಿಳಿಯಿತೇ ಎಂದು ಕೇಳಿದರೆ ಸಾಲದು

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಓಡಿಬಂದು, ತಮ್ಮನಿಗೆ ಭೇದಿ ನಿಲ್ಲಲಿಲ್ಲವೆಂದು ಅಳತೊಡಗಿದಳು. ಗೂಡಲೂರು ಸೀಮೆಯ ಕಾಡಂಚಿನ ಬೆಟ್ಟಕುರುಂಬರ ಹಾಡಿ ಅವಳದು. ನಾವು ಹೋಗಿ ನೋಡಿದಾಗ ಅಜ್ಜಿಯು ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದೇ ಲೋಟ ನೀರಿಗೆ ಸುರಿದು ಕುಡಿಸುತ್ತಿದ್ದರು. ಅದಕ್ಕೆ ಬೇಕಾದುದು 1 ಲೀಟರ್ ನೀರು. ನೀರು ಕಡಿಮೆಯಾದರೆ ಉಪ್ಪಿನಂಶ ಮಿತಿಮೀರಿ, ಜೀವ ಉಳಿಸುವ ಮದ್ದೇ ಅಪಾಯಕ್ಕೆ ಕಾರಣವಾಗುತ್ತದೆ. ಕೂಡಲೇ ಮಗುವನ್ನು ಆಸ್ಪತ್ರೆಗೆ ಒಯ್ದೆವು. ದೈವಕೃಪೆಯಿಂದ ಉಳಿಯಿತು.

“ಕೊಟ್ಟವರು ಹೇಳಲಿಲ್ಲವೇ ಅಜ್ಜೀ?” ಎಂದು ಕೇಳಿದೆವು. ಅವರ ನುಡಿ ನಮ್ಮ ಕನ್ನಡಕ್ಕೆ ಹತ್ತಿರವಾದುದರಿಂದ ಮಾತಿಗೆ ತೊಡಕಿರಲಿಲ್ಲ. “ಅಂಗಡಿಯವರು ತಮಿಳಿನಲ್ಲಿ ಹೇಳಿದರು ಮೇಷ್ಟ್ರೇ. ತಿಳಿಯಿತೇ ಅಂದರು. ಹೂಂ ಅಂದೆ,” ಎಂದರು.

ಆ ಮಾತು ನಮ್ಮನ್ನೇ ಚುಚ್ಚಿತು. ‘ತಿಳಿಯಿತೇ’ ಎಂದರೆ ತರಗತಿಯೆಲ್ಲ ಒಕ್ಕೊರಲಿನಿಂದ ‘ತಿಳಿಯಿತು’ ಎನ್ನುವುದನ್ನು ಅರಿಯದ ಉಪಾಧ್ಯಾಯರುಂಟೆ? ಮಾಡಿ ತೋರಿಸಿದಾಗಲೇ ಕಲಿತಂತೆ ಎಂಬುದು ನಮಗೆ ತರಬೇತಿಯಲ್ಲಿ ದೊರೆತ ಮೊದಲ ಪಾಠ.

ಈ ಪಾಠವೇ ಆದಿವಾಸಿ ಆರೋಗ್ಯ ಕಾರ್ಯಕರ್ತರ ತರಬೇತಿಗೂ ತಳಹದಿಯಾಗಬೇಕು. ನಮ್ಮ ಗೂಡಲೂರಿನಲ್ಲಿ 1980ರ ದಶಕದಿಂದಲೇ ಹಾಡಿಯವರನ್ನೇ ಇಂಥ ಸೇವೆಗೆ ಅಣಿಗೊಳಿಸುವ ಕಾರ್ಯ ನಡೆದುಬಂದಿದೆ. 1990ರಲ್ಲಿ ಆದಿವಾಸಿ ಆಸ್ಪತ್ರೆ ಆರಂಭವಾಯಿತು. ಆದಿವಾಸಿ ಯುವತಿಯರೇ ಅಲ್ಲಿ ದಾದಿಯರಾದರು. ಮನೆಯ ನುಡಿಯಲ್ಲಿ ಹೇಳುವವಳ ಎದುರು ‘ತಿಳಿಯಲಿಲ್ಲ’ ಎನ್ನಲು ಅಜ್ಜಿಗೆ ಸಂಕೋಚವಿಲ್ಲ. ಓದು ಬಾರದವರಿಗೆ ಬೆಳಗಿನ ಗುಳಿಗೆಯ ಮೇಲೆ ಸೂರ್ಯನನ್ನೂ ರಾತ್ರಿಯದರ ಮೇಲೆ ಚಂದ್ರನನ್ನೂ ಬರೆದುಕೊಡಬಹುದು. “ಈಗ ನೀವೇ ಕಲಸಿ ತೋರಿಸಿ” ಎಂದು ಲೋಟವನ್ನು ಕೈಗೆ ಕೊಡಬಹುದು.

ಮದ್ದು ಕೊಡುವುದನ್ನು ಕಲಿತರೆ ಅರ್ಧ ವಿದ್ಯೆ. ಯಾವಾಗ ಅದನ್ನೇ ನೆಚ್ಚಬಾರದು ಎಂಬುದು ಉಳಿದರ್ಧ. ನೀಲಗಿರಿಯ ಆದಿವಾಸಿಗಳ ರಕ್ತದಲ್ಲಿ ಕುಡಗೋಲು ಕಣದ ಲಕ್ಷಣವಿರುವುದನ್ನು ವಿಜ್ಞಾನಿಗಳು 1952ರಲ್ಲಿಯೇ ಪ್ರಕಟಿಸಿದರು. ಆ ರೋಗವಿರುವ ಮಗುವಿಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಸುಮ್ಮನಿರಲಾಗದು, ತಡಮಾಡದೆ ಆಸ್ಪತ್ರೆ ಸೇರಿಸಬೇಕು. ಅದಕ್ಕಾಗಿ ಹೈಡ್ರಾಕ್ಸಿಯೂರಿಯಾ ಸೇವಿಸುವವರಿಗೆ ಆಗಾಗ ರಕ್ತಪರೀಕ್ಷೆ ಅಗತ್ಯ. ಕ್ಷಯರೋಗಿಯು ಕೆಮ್ಮು ನಿಂತಿತೆಂದು ಮದ್ದು ಬಿಟ್ಟರೆ ರೋಗ ಮರಳಿ ಬರುತ್ತದೆ, ಮದ್ದಿಗೆ ಬಗ್ಗದಂತಾಗಲೂಬಹುದು. ಇವನ್ನು ಬಲ್ಲ ಒಬ್ಬ ಕಾರ್ಯಕರ್ತೆ ಹಾಡಿಯಲ್ಲಿದ್ದರೆ ಎಷ್ಟೋ ಮನೆಗಳ ದೀಪ ಆರದೆ ಉಳಿಯುತ್ತದೆ.

ಗಡಿಯಾಚೆಯ ನಮ್ಮ ಕುಟುಂಬಗಳ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಸೀಸೆಯ ಮೇಲಿನ ಬರಹ ಒಂದು ಭಾಷೆ, ಅಂಗಡಿಯವರದು ಇನ್ನೊಂದು, ಮನೆಯದು ಮತ್ತೊಂದು. ತಾಯಂದಿರೇ, ತಿಳಿಯದಿದ್ದರೆ ‘ಹೂಂ’ ಎನ್ನದಿರಿ. ಎಷ್ಟು, ಎಷ್ಟು ಹೊತ್ತಿಗೊಮ್ಮೆ, ಎಷ್ಟು ದಿನ ಎಂದು ಕೇಳಿ, ತಿರುಗಿ ಹೇಳಿ ಒಪ್ಪಿಸಿ ಬನ್ನಿ.

ನಮ್ಮ ತಪ್ಪೂ ಇದರಲ್ಲಿದೆ. ಲೀಟರಿನ ಲೆಕ್ಕಗಳನ್ನು ಕರಿಹಲಗೆಯ ಮೇಲೆ ಎಷ್ಟೋ ಮಾಡಿಸಿದ್ದೆವು, ನೀರನ್ನು ಒಮ್ಮೆಯೂ ಅಳೆಸಿರಲಿಲ್ಲ. ಈಗ ಶನಿವಾರಗಳಲ್ಲಿ ಅಳತೆಯ ಪಾತ್ರೆ ತರಗತಿಗೆ ಬರುತ್ತದೆ. ಕಳೆದ ವಾರ ಆ ಹುಡುಗಿ ಅದನ್ನು ಒಂದು ದಿನದ ಮಟ್ಟಿಗೆ ಮನೆಗೆ ಕೇಳಿ ಒಯ್ದಳು, ಅಜ್ಜಿಗೆ ತೋರಿಸಲೆಂದು.