ಬಾಯಿ ಒಂದು ಕಡೆ ವಾಲಿದರೆ...



ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುವಾಗ ನೀರು ಒಂದು ಕಡೆಯಿಂದ ಸೋರಿಹೋಗುತ್ತದೆ. ಕನ್ನಡಿ ನೋಡಿದರೆ ಬಾಯಿ ಸೊಟ್ಟಗಾಗಿದೆ, ಒಂದು ಕಣ್ಣು ಮುಚ್ಚುತ್ತಿಲ್ಲ. ಮನೆಯವರಿಗೆಲ್ಲ ಗಾಬರಿ. ಒಬ್ಬರು 'ಲಕ್ವ ಹೊಡೆದಿದೆ' ಎಂದರೆ, ಇನ್ನೊಬ್ಬರು 'ಗಾಳಿ ಸೋಕಿದೆ, ಮಂತ್ರ ಹಾಕಿಸಿ' ಎನ್ನುತ್ತಾರೆ. ನಮ್ಮ ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಆಸ್ಪತ್ರೆಗಳಲ್ಲಿ ಇದನ್ನು ತಮಿಳಿನಲ್ಲಿ 'ಮುಖವಾದಂ' ಎನ್ನುತ್ತಾರೆ. ಆಯುರ್ವೇದದಲ್ಲಿ ಇದು 'ಅರ್ದಿತ'. ವೈದ್ಯರ ಚೀಟಿಯಲ್ಲಿ ಸಾಮಾನ್ಯವಾಗಿ ಕಾಣುವ ಹೆಸರು 'ಬೆಲ್ಸ್ ಪಾಲ್ಸಿ'. 1821ರಲ್ಲಿ ಮುಖದ ನರಗಳ ಬಗ್ಗೆ ಬರೆದ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್ ಅವರಿಂದ ಬಂದ ಹೆಸರಿದು.

ಕಾರಣವೇನು?

ಮಿದುಳಿನಿಂದ ಹೊರಡುವ ಏಳನೆಯ ನರ ಕಿವಿಯ ಹಿಂದಿನ ಮೂಳೆಯಲ್ಲಿ ಒಂದು ಇಕ್ಕಟ್ಟಾದ ಕಾಲುವೆಯ ಮೂಲಕ ಹಾದು ಮುಖಕ್ಕೆ ಬರುತ್ತದೆ. ನರ ಊದಿಕೊಂಡರೆ ಅಲ್ಲಿ ಅದಕ್ಕೆ ಜಾಗವಿಲ್ಲ. ಒತ್ತಡ ಬಿದ್ದು ಕೆಲಸ ನಿಲ್ಲುತ್ತದೆ. ಆಗ ಮುಖದ ಒಂದು ಬದಿ ಜೋಲುತ್ತದೆ. ಕೆಲವರಿಗೆ ನಾಲಿಗೆಯ ರುಚಿ ಕೆಡುತ್ತದೆ, ಕಿವಿಯ ಹಿಂದೆ ನೋವು ಬರುತ್ತದೆ, ಸಣ್ಣ ಶಬ್ದವೂ ಜೋರಾಗಿ ಕೇಳುತ್ತದೆ.

ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಮತ್ತೆ ಚುರುಕಾಗುವುದೇ ಈ ಊತಕ್ಕೆ ಕಾರಣವಿರಬಹುದೆಂದು ವೈದ್ಯರ ಅಭಿಪ್ರಾಯ. ಸಕ್ಕರೆ ಕಾಯಿಲೆ ಇರುವವರಲ್ಲಿ, ಗರ್ಭಿಣಿಯರ ಕೊನೆಯ ತಿಂಗಳುಗಳಲ್ಲಿ ಇದು ಹೆಚ್ಚು. ಬಸ್ಸಿನ ಕಿಟಕಿಯ ತಂಡಿ ಗಾಳಿಯಿಂದಲೇ ಬಂತು ಎನ್ನುವುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಮಾಟ, ಶಾಪಗಳಂತೂ ಖಂಡಿತ ಅಲ್ಲ.

ಬೇರೆ ಕಾರಣಗಳೂ ಇವೆ: ಕಿವಿಯಲ್ಲಿ ಗುಳ್ಳೆ ಎದ್ದು ಬರುವ ಸರ್ಪಸುತ್ತು, ಹಳೆಯ ಕಿವಿ ಸೋರುವಿಕೆ, ಕುಷ್ಠರೋಗ, ತಲೆಗೆ ಬಿದ್ದ ಪೆಟ್ಟು, ಗಡ್ಡೆ. ಇವು ಯಾವುವೂ ಅಲ್ಲವೆಂದು ಖಚಿತವಾದ ಮೇಲೆಯೇ ವೈದ್ಯರು ಬೆಲ್ಸ್ ಪಾಲ್ಸಿ ಎನ್ನುತ್ತಾರೆ.

ಲಕ್ವವೋ, ಅಲ್ಲವೋ?

ಹುಬ್ಬು ಮೇಲೆತ್ತಲು ಹೇಳಿ. ಬೆಲ್ಸ್ ಪಾಲ್ಸಿಯಲ್ಲಿ ಆ ಬದಿಯ ಹಣೆಯಲ್ಲೂ ನೆರಿಗೆ ಬೀಳುವುದಿಲ್ಲ. ಹಣೆಗೆ ಮಿದುಳಿನ ಎರಡೂ ಬದಿಯಿಂದ ಅಪ್ಪಣೆ ಬರುವುದರಿಂದ, ಮಿದುಳಿನ ಲಕ್ವದಲ್ಲಿ ಸಾಮಾನ್ಯವಾಗಿ ಹಣೆ ಆಡುತ್ತದೆ, ಬಾಯಿ ಮಾತ್ರ ವಾಲುತ್ತದೆ. ಆದರೆ ಈ ತೀರ್ಮಾನ ನಿಮ್ಮದಲ್ಲ, ವೈದ್ಯರದು. ಕೈಕಾಲು ಸೋತರೆ, ಮಾತು ತೊದಲಿದರೆ, ನಡಿಗೆ ತಪ್ಪಿದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಿ. ಲಕ್ವದಲ್ಲಿ ರಕ್ತದ ಗಂಟು ಕರಗಿಸುವ ಔಷಧಿಯನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಹೆಚ್ಚಿನವರಿಗೆ ವೈದ್ಯರ ಪರೀಕ್ಷೆಯೇ ಸಾಕು, ಜೊತೆಗೆ ರಕ್ತದ ಸಕ್ಕರೆ ನೋಡುತ್ತಾರೆ. ಎಲ್ಲರಿಗೂ ಸ್ಕ್ಯಾನ್ ಬೇಡ. ವಾರಗಟ್ಟಲೆ ನಿಧಾನವಾಗಿ ಹೆಚ್ಚುತ್ತಾ ಹೋದರೆ, ಎರಡೂ ಬದಿಗೆ ಬಂದರೆ, ಮರುಕಳಿಸಿದರೆ ಬೇಕಾಗುತ್ತದೆ.

ಮೊದಲ ಮೂರು ದಿನ

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು 72 ಗಂಟೆಯೊಳಗೆ ಆರಂಭಿಸಿದರೆ ಗುಣ ಹೆಚ್ಚು. ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂಬತ್ತು ತಿಂಗಳಿಗೆ ಈ ಮಾತ್ರೆ ಪಡೆದವರಲ್ಲಿ ಶೇ. 94 ಮಂದಿ, ಪಡೆಯದವರಲ್ಲಿ ಶೇ. 82 ಮಂದಿ ಪೂರ್ಣ ಗುಣವಾಗಿದ್ದರು. ಸೊಪ್ಪು, ತೈಲ, ಮಂತ್ರ ಎಂದು ಅಲೆದು ಈ ಮೂರು ದಿನ ಕಳೆದುಕೊಳ್ಳಬೇಡಿ. ಹಾಗೆಂದು ಅಂಗಡಿಯಿಂದ ತಾವೇ ತಂದು ನುಂಗಲೂಬೇಡಿ. ಇದು ಸಕ್ಕರೆ ಏರಿಸುತ್ತದೆ.

ಕಣ್ಣೇ ಮುಖ್ಯ. ಮುಚ್ಚದ ಕಣ್ಣು ಒಣಗಿ ಕರಿಗುಡ್ಡೆಗೆ ಹುಣ್ಣಾದರೆ ದೃಷ್ಟಿಯೇ ಹೋಗಬಹುದು. ಹಗಲು ಆಗಾಗ್ಗೆ ಕಣ್ಣಿನ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಟೇಪು. ಸಿಪ್ಕಾಟ್ ಕಡೆ ಬೈಕಿನಲ್ಲಿ ಕೆಲಸಕ್ಕೆ ಹೋಗುವವರು ಧೂಳಿಗೆ ಕನ್ನಡಕ ಹಾಕಲೇಬೇಕು. ಕಣ್ಣು ಕೆಂಪಾಗಿ ನೋವಾದರೆ ಅಂದೇ ಕಣ್ಣಿನ ವೈದ್ಯರನ್ನು ಕಾಣಿ.

ಮುಂದೇನು?

ಔಷಧಿ ಇಲ್ಲದೆಯೂ ಹತ್ತರಲ್ಲಿ ಏಳು ಮಂದಿ ಪೂರ್ಣ ಗುಣವಾಗುತ್ತಾರೆ. ಹೆಚ್ಚಿನವರಿಗೆ ಮೂರು ವಾರದೊಳಗೆ ಚೇತರಿಕೆ ಕಾಣುತ್ತದೆ. ಮೂರು ತಿಂಗಳಾದರೂ ಪೂರ್ತಿ ಸರಿಹೋಗದಿದ್ದರೆ ತಜ್ಞರನ್ನು ಕಾಣಬೇಕು. ಹೊಸೂರು ರಸ್ತೆಯಲ್ಲೇ ಇರುವ ಬೆಂಗಳೂರಿನ ನಿಮ್ಹಾನ್ಸ್ ನಮಗೆ ದೂರವೇನಲ್ಲ. ಕೃಷ್ಣಗಿರಿಯಲ್ಲೂ 2022ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಕೆಲವರಿಗೆ ನಕ್ಕಾಗ ಕಣ್ಣು ಮುಚ್ಚುವುದು, ಊಟ ಮಾಡುವಾಗ ಕಣ್ಣೀರು ಬರುವುದು ಉಳಿಯಬಹುದು.

ಸಕ್ಕರೆ ಇರುವುದೇ ಗೊತ್ತಿಲ್ಲದವರು ನಮ್ಮಲ್ಲಿ ಬಹಳ. ಮನೆ ಬಾಗಿಲಿಗೇ ಬಂದು ಸಕ್ಕರೆ, ಬಿ.ಪಿ. ನೋಡುವ ತಮಿಳುನಾಡು ಸರ್ಕಾರದ ಯೋಜನೆ 2021ರ ಆಗಸ್ಟ್‌ನಲ್ಲಿ ಆರಂಭವಾದದ್ದು ನಮ್ಮ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಪರೀಕ್ಷೆ ಮಾಡಿಸಿಕೊಳ್ಳಲು ಸಂಕೋಚ ಬೇಡ.

ಕೊನೆಯ ಮಾತು ಮನೆಯವರಿಗೆ. ಮುಖ ಸೊಟ್ಟಗಾದವರು ಮದುವೆಗೆ, ದೇವಾಲಯಕ್ಕೆ ಬರಲೂ ನಾಚುತ್ತಾರೆ. ಕೆನಡಾದ ಜಾನ್ ಕ್ರೆಟಿಯೆನ್ ಅವರಿಗೆ ಚಿಕ್ಕಂದಿನಲ್ಲೇ ಈ ಕಾಯಿಲೆ ಬಂದು ಬಾಯಿ ಒಂದು ಕಡೆ ವಾಲಿಯೇ ಉಳಿಯಿತು. 1993ರ ಚುನಾವಣೆಯಲ್ಲಿ ಎದುರು ಪಕ್ಷದವರ ಜಾಹೀರಾತು ಆ ಮುಖವನ್ನು ಅಣಕಿಸಿದಾಗ ಜನ ಸಿಟ್ಟಿಗೆದ್ದರು. ಜಾಹೀರಾತು ಹಿಂತೆಗೆಯಬೇಕಾಯಿತು, ಅವರು ಪ್ರಧಾನಿಯಾದರು. ಕಾಯಿಲೆಯವರನ್ನು ದಿಟ್ಟಿಸಿ ನೋಡಬೇಡಿ, 'ಯಾರ ಕಣ್ಣು ಬಿತ್ತೋ' ಎನ್ನಬೇಡಿ. ಪಕ್ಕದಲ್ಲಿ ಕುಳಿತು ಎಂದಿನಂತೆ ಮಾತನಾಡಿಸಿ.