ಬಸುರಿಗೆ ಮಾತ್ರ ಬುದ್ಧಿವಾದ

ನನ್ನ ಗೆಳತಿಯೊಬ್ಬಳು ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿದ್ದಾಳೆ. ಮದುವೆಗೆ ಮುಂಚಿನಿಂದಲೂ ದಿನಕ್ಕೆ ನಾಲ್ಕೈದು ಸಿಗರೇಟು ಸೇದುತ್ತಿದ್ದವಳು. ಬಸುರಿಯೆಂದು ಗೊತ್ತಾದ ವಾರ ಆಸ್ಪತ್ರೆಗೆ ಹೋದಾಗ ಜೊತೆಯಲ್ಲಿ ಅತ್ತೆಯೂ ಇದ್ದರು, ಗಂಡನೂ ಇದ್ದ. ಡಾಕ್ಟರು ಬರೆಯುತ್ತಿದ್ದ ಕಾಗದದಿಂದ ತಲೆಯೆತ್ತದೆ, "ಸ್ಮೋಕಿಂಗ್, ಡ್ರಿಂಕಿಂಗ್ ಏನೂ ಇಲ್ಲ ತಾನೇ?" ಎಂದರು. ಉತ್ತರ ಏನಿರಬೇಕೆಂದು ಪ್ರಶ್ನೆಯೇ ಹೇಳುತ್ತಿತ್ತು. ಇವಳು "ಇಲ್ಲ" ಎಂದಳು. ಅತ್ತೆ, "ಛೇ ಛೇ, ನಮ್ಮ ಮನೇಲಿ ಅಂಥದ್ದೆಲ್ಲ ಇಲ್ಲ ಡಾಕ್ಟ್ರೇ" ಎಂದು ನಕ್ಕರು. ಗಂಡ ಫೋನು ನೋಡುತ್ತ ಕೂತಿದ್ದ. ಅವನ ಜೇಬಿನಲ್ಲಿ ಸಿಗರೇಟು ಪ್ಯಾಕು ಇತ್ತು. ಅವನನ್ನು ಯಾರೂ ಏನೂ ಕೇಳಲಿಲ್ಲ.

ಆಮೇಲಿನ ಎರಡು ತಿಂಗಳು ಅವಳು ಒಬ್ಬಳೇ ಹೆಣಗಿದಳು. ಮೂರು ದಿನ ಬಿಡುವುದು, ನಾಲ್ಕನೇ ದಿನ ಆಫೀಸಿನ ಹಿಂದಿನ ಟೀ ಅಂಗಡಿಯಲ್ಲಿ ಅರ್ಧ ಸೇದಿ ಎಸೆಯುವುದು, ರಾತ್ರಿ ಅಳುವುದು. ಗಂಡ, "ಮಗುಗೋಸ್ಕರ ಇಷ್ಟೂ ಮಾಡಕ್ಕಾಗಲ್ವಾ?" ಎಂದು ಕೇಳಿ, ಬಾಲ್ಕನಿಗೆ ಹೋಗಿ ತಾನೊಂದು ಹಚ್ಚುತ್ತಿದ್ದ. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಮಗುವಿಗೆ ವರ್ಷ ತುಂಬಿದ ಮೇಲೆ. ಆ ಡಾಕ್ಟರಿಗೆ ಇವತ್ತಿಗೂ ಗೊತ್ತಿಲ್ಲ.

ಗರ್ಭಿಣಿ ತಂಬಾಕು ಬಿಡಲೇಬೇಕು. ಇದರಲ್ಲಿ ನನ್ನದೇನೂ ತಕರಾರಿಲ್ಲ. ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದು ಕೂರುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಮಾಸು ದಾಟಿ ಮಗುವಿನ ಮೈಗೂ ಹೋಗುತ್ತದೆ. ಮಗು ತೂಕ ಕಡಿಮೆಯಾಗಿ ಹುಟ್ಟಬಹುದು, ದಿನ ತುಂಬುವ ಮೊದಲೇ ಹುಟ್ಟಬಹುದು, ಹೊಟ್ಟೆಯಲ್ಲೇ ಸಾಯಲೂಬಹುದು. "ಈಗ ಒಮ್ಮೆಗೇ ಬಿಟ್ಟರೆ ಮಗುವಿಗೆ ತೊಂದರೆ" ಎಂಬ ಮಾತೂ ಸುಳ್ಳು. ಎಷ್ಟು ಬೇಗ ಬಿಟ್ಟರೆ ಅಷ್ಟು ಒಳ್ಳೆಯದು, ತಡವಾಗಿ ಬಿಟ್ಟರೂ ಲಾಭವಿದೆ. ಆದ್ದರಿಂದ "ಅವಳ ದೇಹ, ಅವಳಿಷ್ಟ" ಎಂದು ಇಲ್ಲಿ ಕೈತೊಳೆದುಕೊಳ್ಳುವವರ ಜೊತೆಗೂ ನಾನಿಲ್ಲ. ಚಟ ಅಂಟಿಕೊಂಡ ಮೇಲೆ ಇಷ್ಟದ ಮಾತು ಎಲ್ಲಿಂದ ಬಂತು? ಬಿಡಬೇಕೆಂದು ಅಳುತ್ತಿದ್ದವಳಿಗೆ ಸೇದುವ ಸ್ವಾತಂತ್ರ್ಯ ಬೇಕಾಗಿರಲಿಲ್ಲ.

ನನ್ನ ಸಿಟ್ಟು ಬೇರೆಯದರ ಮೇಲೆ. ಬಿಡು ಎಂದು ಅವಳೊಬ್ಬಳಿಗೆ ಹೇಳುತ್ತೇವೆ. ಬಿಡಿಸಿಕೊಳ್ಳುವ ಕೆಲಸವನ್ನೂ ಅವಳ ತಲೆಗೇ ಕಟ್ಟುತ್ತೇವೆ. ಸೋತರೆ ಕೆಟ್ಟ ತಾಯಿ ಎನ್ನುತ್ತೇವೆ. ಇಷ್ಟು ಮಾಡಿ, ಮಗುವಿನ ಬಗ್ಗೆ ನಮಗೆ ಭಾರೀ ಕಾಳಜಿ ಎಂದುಕೊಳ್ಳುತ್ತೇವೆ.

ಮೊದಲು ನಾಚಿಕೆಯ ವಿಷಯಕ್ಕೆ ಬರೋಣ. ಹೆಂಗಸು ಸಿಗರೇಟು ಸೇದುವುದು ನಮ್ಮಲ್ಲಿ ಆರೋಗ್ಯದ ಪ್ರಶ್ನೆಯಾಗುವ ಮೊದಲೇ ನಡತೆಯ ಪ್ರಶ್ನೆಯಾಗಿಬಿಡುತ್ತದೆ. ಬಸುರಿಯಾದರಂತೂ ಕೇಳುವುದೇ ಬೇಡ. ಹಾಗಾಗಿ ಅವಳು ಸುಳ್ಳು ಹೇಳುತ್ತಾಳೆ. ಸುಳ್ಳು ಹೇಳಿದವಳಿಗೆ ಸಲಹೆ ಸಿಗುವುದಿಲ್ಲ, ಆಪ್ತ ಸಮಾಲೋಚನೆ ಸಿಗುವುದಿಲ್ಲ, ಮಗುವಿನ ಬೆಳವಣಿಗೆಯ ಮೇಲೆ ಡಾಕ್ಟರು ಇಡಬೇಕಾದ ಹೆಚ್ಚಿನ ನಿಗಾ ಸಿಗುವುದಿಲ್ಲ. ಬೈದರೆ ಹೆದರಿ ಬಿಡುತ್ತಾಳೆ ಎಂದು ನಂಬಿದವರು ಇದನ್ನು ಯೋಚಿಸಬೇಕು. ಹೆದರಿದವಳು ಸಿಗರೇಟು ಬಿಡುವುದಕ್ಕಿಂತ ಮೊದಲು ಸಿಗರೇಟು ಬಚ್ಚಿಡುತ್ತಾಳೆ.

ಇನ್ನು ಹಳ್ಳಿಯ ಕಡೆ ಬನ್ನಿ. ಅಲ್ಲಿ ಬಚ್ಚಿಡುವ ಪ್ರಮೇಯವೇ ಇಲ್ಲ. ಏಕೆಂದರೆ ಅದನ್ನು ಯಾರೂ ಚಟವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. 2016-17ರಲ್ಲಿ ದೇಶದಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಹೊಗೆ ಸೇದುವ ಹೆಂಗಸರು ಶೇಕಡ 2. ಹೊಗೆಯಿಲ್ಲದ ತಂಬಾಕು ಬಳಸುವ ಹೆಂಗಸರು ಶೇಕಡ 12.8. ಅಂದರೆ ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು, ಕಡ್ಡಿಪುಡಿ, ಹಲ್ಲಿಗೆ ತಿಕ್ಕುವ ಪುಡಿ, ನಶ್ಯ. ನಮ್ಮ ಎಲ್ಲ ಭಾಷಣ ಆ ಎರಡರ ಮೇಲೆ, ಹನ್ನೆರಡರ ಬಗ್ಗೆ ಮೌನ. ಮುಂಬೈನಲ್ಲಿ 1,217 ಗರ್ಭಿಣಿಯರನ್ನು ಗಮನಿಸಿ ಮಾಡಿದ, 2004ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಹೊಗೆಯಿಲ್ಲದ ತಂಬಾಕು ಬಳಸುತ್ತಿದ್ದವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು, ದಿನ ತುಂಬದ ಹೆರಿಗೆಗಳೂ ಹೆಚ್ಚಿದ್ದವು. ಎರಡೂಕಾಲು ಕೆಜಿಗೆ ಹುಟ್ಟುವ ಕೂಸಿಗೆ ನೂರು ಗ್ರಾಂ ಎಂದರೆ ಏನೆಂದು ಬಾಣಂತಿ ವಾರ್ಡಿನಲ್ಲಿ ಕೆಲಸ ಮಾಡಿದವರನ್ನು ಕೇಳಿ.

"ನಮ್ಮಜ್ಜಿ ಹೊಗೆಸೊಪ್ಪು ಜಗಿಯುತ್ತಲೇ ಎಂಟು ಹೆತ್ತಳು" ಎನ್ನುವವರು ಸಿಗುತ್ತಾರೆ. ನನ್ನ ಅಜ್ಜಿಯೂ ಜಗಿಯುತ್ತಿದ್ದಳು, ಹತ್ತು ಹೆತ್ತಳು. ಉಳಿದವರು ಆರು. ಉಳಿಯದ ನಾಲ್ಕಕ್ಕೆ ಹೊಗೆಸೊಪ್ಪೇ ಕಾರಣ ಎಂದು ನಾನು ಹೇಳಲಾರೆ. ಆದರೆ ಅಜ್ಜಿಯ ಕತೆ ಹೇಳುವವರು ಉಳಿದವರನ್ನು ಮಾತ್ರ ಎಣಿಸುತ್ತಾರೆ.

ನಮ್ಮೂರು ಹುಣಸೂರಿನ ಕಡೆ. ಸಿಗರೇಟಿಗೆ ಹೋಗುವ ಹೊಗೆಸೊಪ್ಪು ಬೆಳೆಯುವ ಸೀಮೆ. ಹೋದ ಸಲ ಹೋಗಿದ್ದಾಗ ತಂಗಿಯ ಜೊತೆ ಸರ್ಕಾರಿ ಆಸ್ಪತ್ರೆಯಲ್ಲಿ ಸರದಿಗೆ ಕೂತಿದ್ದೆ. ಮುಂದಿದ್ದ ಹುಡುಗಿಗೆ ಇಪ್ಪತ್ತೆರಡಿರಬಹುದು, ಆರು ತಿಂಗಳ ಬಸುರಿ. ಬಾಯಿ ಕೆಂಪಗಿತ್ತು. ನರ್ಸಮ್ಮ ಎಲ್ಲರೆದುರು, "ಹೊಟ್ಟೇಲಿ ಮಗ ಇಟ್ಕೊಂಡು ಹೊಗೆಸೊಪ್ಪು ಹಾಕ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದು ಗದರಿದರು. ಹುಡುಗಿ ಮಾತಾಡಲಿಲ್ಲ. ಆಮೇಲೆ ಬೆಂಚಿನ ಮೇಲೆ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು: "ಬುಡ್ತೀನಿ ಕನಕ್ಕ. ಆದ್ರೆ ಒಂದೇ ರೂಮ್ನಾಗೆ ಅವ್ರು ಬೀಡಿ ಹಚ್ತರೆ, ಮಾವನೂ ಹಚ್ತರೆ. ನಾನೆಲ್ಲಿಗೋಗ್ಲಿ?" ಅವಳ ಗಂಡ ಆ ಹೊತ್ತಿಗೆ ಆಸ್ಪತ್ರೆಯ ಗೇಟಿನಾಚೆ ನಿಂತು ಸೇದುತ್ತಿದ್ದ. ಹೊಗೆಸೊಪ್ಪಿನ ಸುಗ್ಗಿಯಲ್ಲಿ ಅವಳಿಗೆ ಹಸಿ ಎಲೆಯನ್ನು ಕಡ್ಡಿಗೆ ಕಟ್ಟುವ ಕೂಲಿ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಅವಳು ಬಾಯಿ ಒಂದನ್ನು ಮುಚ್ಚಿಕೊಂಡರೆ ಸಾಕೇ?

ಅವಳ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಗೇಟಿನಾಚೆ ಇದ್ದರು. ಅದೇ ಸಮೀಕ್ಷೆ ಹೇಳುವಂತೆ ದೇಶದ ಗಂಡಸರಲ್ಲಿ ಶೇಕಡ 42.4 ಮಂದಿ ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಾರೆ. ಮನೆಯೊಳಗೇ ಇನ್ನೊಬ್ಬರ ಹೊಗೆ ಕುಡಿಯುವ ವಯಸ್ಕರು ಶೇಕಡ 38.7. ಸಾರ್ವಜನಿಕ ಸ್ಥಳದಲ್ಲಿ ಸೇದಬಾರದೆಂಬ ನಿಯಮ 2008ರ ಅಕ್ಟೋಬರ್ 2ರಿಂದ ಇದೆ. ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತರಿಗೆ ಸಿಗುವ ಆ ರಕ್ಷಣೆ ಮನೆಯೊಳಗಿನ ಬಸುರಿಗೆ ಇಲ್ಲ. ಪೊಲೀಸರನ್ನು ಅಡುಗೆಮನೆಗೆ ಕರೆಸಿ ಎನ್ನುತ್ತಿಲ್ಲ. ಆದರೆ ಆಸ್ಪತ್ರೆಯ ಕೋಣೆಯಲ್ಲಿ ಗಂಡನನ್ನು ಕೇಳಲು ಕಾನೂನು ಬೇಕೇ? ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಶಿಫಾರಸು ಮಾಡಿದೆ: ಪ್ರತಿ ಗರ್ಭಿಣಿಯನ್ನೂ ತಂಬಾಕಿನ ಬಗ್ಗೆ ಕೇಳಬೇಕು, ಮನೆಯವರ ಹೊಗೆಯ ಬಗ್ಗೆಯೂ ಕೇಳಬೇಕು, ಸಾಧ್ಯವಾದಲ್ಲೆಲ್ಲ ಗಂಡ ಮತ್ತು ಮನೆಮಂದಿಯ ಜೊತೆ ನೇರವಾಗಿ ಮಾತಾಡಬೇಕು.

ಗದರುವುದನ್ನು ಬಿಟ್ಟು ನೆರವಾದರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನಡೆದ ಒಂದು ಪ್ರಯೋಗವಿದೆ. ಸೇದುವ ಚಟವಿದ್ದ 612 ಗರ್ಭಿಣಿಯರನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಅಲ್ಲಿನ ಮಾಮೂಲಿ ಸಮಾಲೋಚನೆಯ ಸೌಲಭ್ಯವಿತ್ತು. ಒಂದು ಗುಂಪಿಗೆ ಅದರ ಜೊತೆಗೆ, ಬಿಟ್ಟಿದ್ದು ಪರೀಕ್ಷೆಯಲ್ಲಿ ಖಚಿತವಾದಂತೆಲ್ಲ ಅಂಗಡಿಯಲ್ಲಿ ಬಳಸುವ ವೋಚರುಗಳನ್ನು ಕೊಟ್ಟರು, ಒಟ್ಟು 400 ಪೌಂಡಿನವರೆಗೆ. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬಸುರಿನ ಕೊನೆಯ ಹಂತದಲ್ಲಿ ವೋಚರು ಪಡೆದವರಲ್ಲಿ ಶೇಕಡ 22.5 ಮಂದಿ ಬಿಟ್ಟಿದ್ದರು, ಉಳಿದವರಲ್ಲಿ ಶೇಕಡ 8.6. ಇದು ಲಂಚ, ತಾಯ್ತನಕ್ಕೆ ಕಾಸು ಕೊಡುವುದೇ ಎಂದು ಮೂಗು ಮುರಿಯುವವರಿದ್ದಾರೆ. ನಮ್ಮಲ್ಲಿ ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ ಎಂದು ಜನನಿ ಸುರಕ್ಷಾ ಯೋಜನೆಯಲ್ಲಿ ಹಣ ಕೊಡುತ್ತಿಲ್ಲವೇ? ಅದನ್ನು ಯಾರೂ ಲಂಚ ಎನ್ನುವುದಿಲ್ಲ. ಆ ಫಲಿತಾಂಶವನ್ನು ಇನ್ನೊಂದು ಕಡೆಯಿಂದಲೂ ಓದಿ. ಅಷ್ಟೆಲ್ಲ ನೆರವು ಸಿಕ್ಕಿಯೂ ಮುಕ್ಕಾಲು ಪಾಲಿಗೆ ಬಿಡಲಾಗಲಿಲ್ಲ. ಅವರೆಲ್ಲ ಮಗು ಬೇಡದ ತಾಯಂದಿರೇ? ನಿಕೋಟಿನ್ನಿನ ಹಿಡಿತ ಅಂಥದ್ದು. ಅದರೆದುರು ಬರಿಗೈಯಲ್ಲಿ ಅವಳನ್ನು ನಿಲ್ಲಿಸಿ ತಾಯಿಯ ಕರುಳನ್ನು ನೆನಪಿಸುವುದು ಕ್ರೂರತನ.

ಇನ್ನೂ ಒಂದು ಮಾತಿದೆ. "ಮಗುವಿಗಾಗಿ ಬಿಡು" ಎನ್ನುತ್ತೇವೆ. ಮಗು ಹೊರಗೆ ಬಂದ ಮೇಲೆ? ಬಸುರಿನಲ್ಲಿ ಬಿಟ್ಟ ಬಹಳಷ್ಟು ಹೆಂಗಸರು ಹೆರಿಗೆಯಾಗಿ ಒಂದು ವರ್ಷದೊಳಗೆ ಮತ್ತೆ ಶುರು ಮಾಡುತ್ತಾರೆ. ನನ್ನ ಗೆಳತಿಯೂ ಐದನೇ ತಿಂಗಳಲ್ಲಿ ಹೇಗೋ ಪೂರ್ತಿ ಬಿಟ್ಟವಳು, ಬಾಣಂತನ ಮುಗಿಸಿ ಬಂದ ಮೇಲೆ ಗಂಡನ ಪ್ಯಾಕಿನಿಂದಲೇ ಮೊದಲನೆಯದನ್ನು ಎತ್ತಿಕೊಂಡಳು. ಆಗ ಅವಳನ್ನು ಯಾರೂ ಗದರಲಿಲ್ಲ, ಯಾರೂ ಕೇಳಲೂ ಇಲ್ಲ. ಒಂಬತ್ತು ತಿಂಗಳು ಎಲ್ಲರಿಗೂ ಸಂಬಂಧಪಟ್ಟಿದ್ದ ಅವಳ ಶ್ವಾಸಕೋಶ ಆಮೇಲೆ ಯಾರಿಗೂ ಬೇಡವಾಯಿತು. ನಿನಗಾಗಿ ಬಿಡು ಎಂದು ಒಬ್ಬರಾದರೂ ಹೇಳಿದ್ದರೆ!

ಆಗಬೇಕಾದ್ದು ದೊಡ್ಡದೇನಲ್ಲ. ಡಾಕ್ಟರು ಐದು ನಿಮಿಷ ಅತ್ತೆ, ಗಂಡಂದಿರನ್ನು ಹೊರಗೆ ಕೂರಿಸಿ, ಅವಳ ಮುಖ ನೋಡಿ ಕೇಳಲಿ. "ಸೇದ್ತೀರಾ, ಜಗೀತೀರಾ, ಪುಡಿ ತಿಕ್ತೀರಾ" ಎಂದು ಮೂರನ್ನೂ ಕೇಳಲಿ. ಹೌದೆಂದರೆ ಹುಬ್ಬು ಏರಿಸದಿರಲಿ. ಪ್ರತಿ ತಂಬಾಕು ಪೊಟ್ಟಣದ ಮೇಲೆ 1800-11-2356 ಎಂಬ ಉಚಿತ ಸಹಾಯವಾಣಿಯ ಸಂಖ್ಯೆ ಅಚ್ಚಾಗಿದೆ. ಅದನ್ನು ಆ ಕೋಣೆಯಲ್ಲೇ ಬರೆದುಕೊಡಲಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಜಗಲಿಯ ಮೇಲಿನ ಗಂಡಸರನ್ನೂ ಮಾತಿಗೆ ಕೂರಿಸಿಕೊಳ್ಳಲಿ. ಆಮೇಲೆ ಗಂಡನನ್ನು ಒಳಗೆ ಕರೆದು ಡಾಕ್ಟರು ಅದೇ ಪ್ರಶ್ನೆ ಕೇಳಲಿ: "ನೀವು ಯಾವತ್ತಿಂದ ಬಿಡ್ತೀರಿ?"

ಅವನು ಏನು ಹೇಳುತ್ತಾನೋ ನೋಡೋಣ. ಅಲ್ಲಿಯವರೆಗೆ ಬಸುರಿಗೆ ಬುದ್ಧಿ ಹೇಳಲು ಹೊರಟವರು ದಯವಿಟ್ಟು ಮೊದಲು ತಮ್ಮ ಜೇಬು ಮುಟ್ಟಿ ನೋಡಿಕೊಳ್ಳಿ.